ಬದುವಿನ ಸಾಲು

ತೆಕ್ಕಲಕೋಟೆಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಒದ್ದೆ ಗೋಣಿಚೀಲವನ್ನು ನನ್ನ ಕಾಲ ಬಳಿ ಇಳಿಸಿ, "ತಟಗು ಕಾಲು ಸರಿಸ್ರಿ ಯವ್ವಾ" ಎಂದಳು. ಚೀಲದ ಬಾಯಿಂದ ಭತ್ತದ ಸಸಿಯ ತುದಿಗಳು ಇಣುಕುತ್ತಿದ್ದವು. ಯಾರದೋ ಗದ್ದೆಗೆ ಸಸಿ ಕಡಿಮೆ ಬಿದ್ದಿರಬೇಕು, ಬಂಧುಗಳ ಸಸಿಮಡಿಯಿಂದ ಕಿತ್ತು ಒಯ್ಯುತ್ತಿದ್ದಳು. ಕಂಡಕ್ಟರ್ ಲಗೇಜು ಎಂದು ಒಂದು ಸಲ ಗೊಣಗಿ ಸುಮ್ಮನಾದ. ಹಿಂದಿನ ಚಕ್ರದ ಮೇಲಿನ ಸೀಟು ಖಾಲಿ ಇದ್ದರೂ ಬೇಡವೆಂದು ನಾನು ಮುಂದೆ ಬಂದು ಕೂತಿದ್ದೆ. ಹಾಗಾಗಿ ಆ ಚೀಲ ನನ್ನ ಪಾಲಿಗೆ ಬಂತು, ಅದರ ವಾಸನೆಯೂ ಬಂತು.

ಆಗಷ್ಟೇ ಕಿತ್ತ ಸಸಿಯ ಬೇರಿಗೆ ಒಂದು ವಾಸನೆ ಇದೆ. ಕೆಸರಿನದೂ ಅಲ್ಲ, ಹುಲ್ಲಿನದೂ ಅಲ್ಲ. ಇನ್ನೂ ಕಾಯಿಸದ ಹಾಲಿನ ಪಾತ್ರೆಗೆ ಮೂಗು ಹಿಡಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ಅದು ನನ್ನ ಬಟ್ಟೆಗೆ, ಉಗುರಿಗೆ, ತಲೆಗೂದಲಿಗೆ ಅಂಟಿಕೊಂಡಿತ್ತು. ಬಳ್ಳಾರಿಗೆ ಹೋಗಿ ಎಷ್ಟು ಸಲ ತಲೆ ತೊಳೆದರೂ ದಿಂಬಿನಲ್ಲಿ ಉಳಿಯುತ್ತಿತ್ತು. ಕಿಟಕಿಯಾಚೆ ನೀರು ನಿಂತ ಗದ್ದೆಗಳು ಒಂದಾದ ಮೇಲೊಂದು ಹಾದು ಹೋಗುತ್ತಿದ್ದವು, ನಾನು ಕಣ್ಣು ಮುಚ್ಚಿಕೊಂಡು ಆ ಮಳೆಗಾಲಕ್ಕೆ ಇಳಿದುಬಿಟ್ಟೆ.

ನಾನು ಬಳ್ಳಾರಿಯವಳು. ಓದಿದ್ದು ಮಾನವಶಾಸ್ತ್ರ. "ಮನುಷ್ಯಾರನ್ನ ನೋಡಾದನ್ನೂ ಓದಬೇಕೇನು?" ಎಂದು ನಮ್ಮಪ್ಪ ಕೇಳುತ್ತಿದ್ದರು, ನನಗೂ ಎಷ್ಟೋ ಸಲ ಅದೇ ಅನುಮಾನ. ಆ ವರ್ಷ ಒಂದು ಸಂಸ್ಥೆ ನನ್ನನ್ನು ಕೆಲಸಕ್ಕೆ ಕರೆಯಿತು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಅವರು ತಾಯಂದಿರ ಗುಂಪುಗಳನ್ನು ನಡೆಸುತ್ತಿದ್ದರು. ಪ್ರತಿ ಓಣಿಗೊಂದು ಗುಂಪು, ತಿಂಗಳಿಗೊಂದು ಸಭೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಊಟದ ಮಾತು, ಕಬ್ಬಿಣದ ಗುಳಿಗೆ, ಬಸುರಿಯರ ಹೆಸರನ್ನು ಮೊದಲ ತಿಂಗಳುಗಳಲ್ಲೇ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬರೆಸುವುದು, ಇಷ್ಟು ಕೆಲಸ. ಇದರಿಂದ ನಿಜಕ್ಕೂ ಏನಾದರೂ ಆಗಿದೆಯೇ ಎಂದು ನೋಡಿ ಹೇಳಬೇಕಿತ್ತು. ಮೌಲ್ಯಮಾಪನದ ಮುಖ್ಯಸ್ಥರು ಬಳ್ಳಾರಿಯ ಒಬ್ಬ ಹಿರಿಯ ಡಾಕ್ಟರು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: "ಎಣಿಸೋರು ಬೇಕಾದಷ್ಟು ಮಂದಿ ಅದಾರಮ್ಮ. ನೀವು ಹೋಗಿ ಸುಮ್ನ ಕುಂದರ್ರಿ. ಜನ ಯಾಕ ಬರ್ತಾರ, ಯಾಕ ಬರಂಗಿಲ್ಲ, ಅಷ್ಟು ನೋಡ್ಕೊಂಡು ಬರ್ರಿ."

ನನ್ನ ಪಾಲಿಗೆ ಬಂದದ್ದು ಕರೂರಿನ ಕಡೆಯ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಎಣಿಸಿದವರ ಪ್ರಕಾರ ಅದು ಎಲ್ಲಕ್ಕಿಂತ ಹಿಂದುಳಿದ ಊರು. ಸಭೆಗೆ ಯಾರೂ ಬರುವುದಿಲ್ಲ, ಹೊಟ್ಟೆ ಎದ್ದು ಕಾಣುವತನಕ ಬಸುರಿಯರು ಹೆಸರು ಬರೆಸುವುದಿಲ್ಲ. ಹೀಗೇ ಆದರೆ ಮುಂದಿನ ವರ್ಷದಿಂದ ಅಲ್ಲಿ ಕಾರ್ಯಕ್ರಮ ನಿಲ್ಲಿಸಿ ಬೇರೆ ಕಡೆಗೆ ಒಯ್ಯುವ ಮಾತಿತ್ತು.

ಅಕ್ಕಿ ಗಿರಣಿಯ ಪಕ್ಕದಲ್ಲಿ ಒಂದು ಕೋಣೆ ಸಿಕ್ಕಿತು. ತೌಡಿನ ಧೂಳು ಕಿಟಕಿಯಿಂದ ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ಕಾಲುವೆಗೆ ಅದೇ ತಾನೇ ನೀರು ಬಿಟ್ಟಿದ್ದರು. ಬೇಸಿಗೆಯುದ್ದಕ್ಕೂ ಬಾಯಿ ಬಿಟ್ಟಿದ್ದ ಕರಿ ನೆಲ ಒಂದೇ ವಾರದಲ್ಲಿ ನೀರಾಗಿ ಹೊಳೆಯತೊಡಗಿತು. ಬೆಳಿಗ್ಗೆ ಎದ್ದು ಹೊರಗೆ ನಿಂತರೆ ಯಾವುದು ನೆಲ, ಯಾವುದು ಆಕಾಶ ಎಂದು ಅರೆನಿದ್ದೆಯ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ನಡುವೆ ಬೆಳ್ಳಕ್ಕಿಗಳು ಇದ್ದವು, ಅವು ನಿಂತಲ್ಲಿ ನೆಲ ಎಂದು ತಿಳಿದುಕೊಳ್ಳುತ್ತಿದ್ದೆ.

ಮೊದಲ ಸಭೆ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ, ಮಧ್ಯಾಹ್ನ ಮೂರಕ್ಕೆ. ಬಂದವರು ಊರಿನ ಆಶಾ ಕಾರ್ಯಕರ್ತೆ ಮಾಬುಬಿ, ನಾನು, ತಂಪಿಗೆಂದು ಬಂದು ಮಲಗಿದ್ದ ಒಬ್ಬ ಅಜ್ಜಿ. ಮಾಬುಬಿ ಅದೇ ಊರಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವರು. ಬೇಸರ ಅವರ ಮುಖಕ್ಕೆ ಒಗ್ಗುತ್ತಿರಲಿಲ್ಲ.

"ಬರ್ತಾರ ತಡೀರಿ ಮೇಡಂ" ಎಂದರು ಮೊದಲು. ಆಮೇಲೆ ಚಾಪೆ ಸುತ್ತುತ್ತ, "ಬರಂಗಿಲ್ಲ ಬಿಡ್ರಿ. ನಾಟಿ ದಿನದಾಗ ಮೂರಕ್ಕ ಮನ್ಯಾಗ ಇರೋಳು ಯಾರು? ಕಾಲು ಮುರ್ಕೊಂಡಾಕಿ ಅಷ್ಟ."

ನಾಟಿ ಇಲ್ಲದ ದಿನಗಳಲ್ಲಿಯೂ ಕೇರಿಯ ಹೆಂಗಸರು ಬಂದರೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರುತ್ತಿದ್ದರಂತೆ, ಕೊನೆಗೆ ಅದೂ ಬೇಡವೆಂದು ಬಿಟ್ಟರಂತೆ. ಮಾಬುಬಿ ಇದನ್ನು ಚಾಪೆಯ ಧೂಳು ಕೊಡವುತ್ತಲೇ ಹೇಳಿದರು.

ಮರುದಿನ ಬೆಳಿಗ್ಗೆ ಗಿರಣಿಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಟ್ರ್ಯಾಲಿಯ ತುಂಬ ಹೆಂಗಸರು, ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು, ಮಡಿಲಲ್ಲಿ ರೊಟ್ಟಿಯ ಗಂಟು. ಕೇರಿಯವರು, ಮೇಲಿನ ಓಣಿಯವರು, ಮಸೀದಿ ಸಾಲಿನವರು, ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಓಣಿಗೊಂದು ಗುಂಪು ಮಾಡಿದವರು ಈ ಟ್ರ್ಯಾಲಿಯನ್ನು ನೋಡಿಯೇ ಇರಲಿಲ್ಲವೆಂದು ನನಗೆ ಅಲ್ಲೇ ಅನಿಸಿತು. ಮುಂದೆ ಕೂತಿದ್ದವಳು ನಾಟಿ ಗುಂಪಿನ ಮೇಸ್ತ್ರಿ ಈರಮ್ಮ. ನಾನೂ ಬರಲೇ ಎಂದು ಕೇಳಿದೆ.

"ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು? ಹತ್ತು ಯವ್ವಾ" ಎಂದು ಕೈ ಚಾಚಿದಳು.

ನಾಟಿಯೆಂದರೆ ಹೀಗೆ. ಹೆಂಗಸರು ಗದ್ದೆಯ ಅಗಲಕ್ಕೂ ಒಂದೇ ಸಾಲಾಗಿ ನಿಂತು, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಊರುತ್ತಾರೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಊರುವುದಕ್ಕೆ. ಒಬ್ಬೊಬ್ಬರಿಗೂ ತಮ್ಮ ಕೈಗೆ ಎಟಕುವಷ್ಟು ಅಗಲದ ಪಾಲು. ಬಗ್ಗಿದಾಗ ಆಕಾಶ ಕಾಲ ಕೆಳಗೆ ಬರುತ್ತದೆ. ಮೋಡ ಮೊಣಕಾಲ ಸುತ್ತ ತೇಲುತ್ತದೆ, ಅದರೊಳಕ್ಕೆ ಕೈಯಿಟ್ಟು ಹಸಿರು ನೆಟ್ಟು ಹಿಂದೆ ಸರಿಯಬೇಕು. ಸ್ವಲ್ಪ ಹೊತ್ತಿಗೆ ನೀರು ಕಲಕಿ ಮೋಡ ಹೋಗುತ್ತದೆ, ಮತ್ತೆ ತಿಳಿಯಾಗಿ ಬರುತ್ತದೆ. ಯಾರೋ ಹಾಡು ಎತ್ತುತ್ತಾರೆ, ಕನ್ನಡದಲ್ಲಿ ಶುರುವಾದ ಹಾಡು ಸಾಲಿನ ಆ ತುದಿ ಮುಟ್ಟುವಷ್ಟರಲ್ಲಿ ತೆಲುಗು ಆಗಿರುತ್ತದೆ. ಇಷ್ಟು ಸುಖವಾದ ಕೆಲಸ ಲೋಕದಲ್ಲಿ ಇಲ್ಲವೆಂದು ನಾನು ಸುಮಾರು ಅರ್ಧ ತಾಸು ನಂಬಿದ್ದೆ. ಆಮೇಲೆ ಸೊಂಟ ಮಾತಾಡತೊಡಗಿತು.

ಒಂದೆರಡು ದಿನ ಹಲ್ಲು ಕಚ್ಚಿಕೊಂಡೆ. ಮೂರನೆಯ ದಿನ ಕಣ್ಣಲ್ಲಿ ನೀರು ಬಂತು. ಯಾರಿಗೂ ಹೇಳದೆ, ಸಾಲಿನ ನಡುವಿನಿಂದ ಎದ್ದು ತುದಿಗೆ ಹೋಗಿ ಬದುವಿನ ಪಕ್ಕ ನಿಂತೆ. ಅಲ್ಲಿ ಕೆಸರು ಆಳವಿಲ್ಲ. ಬೇಕಾದಾಗ ಸೊಂಟ ನೆಟ್ಟಗೆ ಮಾಡಿ ಬದುವಿಗೆ ಆನಬಹುದು, ಕೂರಲೂಬಹುದು. ಅಲ್ಲಿ ಮೊದಲೇ ನಿಂತಿದ್ದವಳು ಹುಲಿಗೆಮ್ಮ, ಮಾತು ಕಡಿಮೆಯ ಹುಡುಗಿ, ಮದುವೆಯಾಗಿ ಕೆಲವು ವರ್ಷ ಆಗಿದ್ದವಳು. ನನ್ನನ್ನು ನೋಡಿ ಅವಳ ಕಣ್ಣುಗಳು ಅರಳಿದವು. ಸರಿದು ನನಗೆ ಜಾಗ ಬಿಟ್ಟು, ಪಕ್ಕದಲ್ಲಿ ನಿಂತಳು. ಸಾಲಿನಲ್ಲಿ ಹಾಡು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅವತ್ತಿನಿಂದ ನನ್ನ ದೆಸೆ ತಿರುಗಿತು. ಟ್ರ್ಯಾಲಿಯಲ್ಲಿ ಕುಲುಕು ಕಡಿಮೆ ಇರುವ ಮುಂದಿನ ಮೂಲೆ, ಅದರ ಮೇಲೆ ಮಡಚಿದ ಗೋಣಿ. ಊಟದ ಹೊತ್ತಿಗೆ ಎಲ್ಲರ ಗಂಟಿನಿಂದಲೂ ನನಗೆ ಒಂದೊಂದು ತುತ್ತು: ಪುಂಡಿ ಪಲ್ಯ, ಶೇಂಗಾ ಚಟ್ನಿ, ಹುಣಸೆ ತೊಕ್ಕು, ಒಬ್ಬಳಂತೂ ಮನೆಯ ಜಾಡಿಯಿಂದ ಹಳೆಯ ಮಾವಿನಕಾಯಿ ಉಪ್ಪಿನಕಾಯಿ ತಂದಳು. ಸಸಿಯ ಕಟ್ಟು ಎತ್ತಲು ಬಗ್ಗಿದರೆ "ನೀವು ಬಿಡ್ರಿ" ಎಂದು ಯಾರಾದರೂ ಕಸಿದುಕೊಳ್ಳುತ್ತಿದ್ದರು. ನನ್ನ ಪಾಲಿನ ಅರ್ಧವನ್ನು ಹುಲಿಗೆಮ್ಮ ನೆಡುತ್ತಿದ್ದಳು, ಅವಳ ಪಾಲಿನ ಅರ್ಧವನ್ನು ಆಚೆಯವಳು. ಜನ ಪರಕೀಯರನ್ನು ಹೀಗೆ ಹಚ್ಚಿಕೊಳ್ಳಲಿ ಎಂದು ನಮ್ಮ ಶಾಸ್ತ್ರದವರು ವರ್ಷಗಟ್ಟಲೆ ಕಾಯುತ್ತಾರೆ. ನನಗೆ ಒಂದು ವಾರಕ್ಕೇ ಆಗಿತ್ತು. ಹೆಮ್ಮೆ ತಡೆಯಲಾರದೆ ಡಾಕ್ಟರಿಗೆ ಫೋನು ಮಾಡಿದೆ.

"ಸರ್, ನನ್ನನ್ನ ತಮ್ಮಾಕಿ ಅಂತ ಒಪ್ಕೊಂಡಾರ."

"ಅಷ್ಟು ಲಗೂನ?" ಎಂದರು ಅವರು. ಆ ದನಿ ನನಗೆ ಸ್ವಲ್ಪ ಸಿಟ್ಟು ತರಿಸಿತು.

ಶನಿವಾರ ಕುರುಗೋಡಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಗಂಡನ ಚಿಕ್ಕಮ್ಮ ಇದ್ದರು, ನನಗೆ ಚಿಕ್ಕತ್ತೆ. ಕಲ್ಲುಗುಡ್ಡದ ಬುಡದಲ್ಲಿ ಅವರ ಮನೆ, ಹಗಲಿನ ಬಿಸಿಲು ಕುಡಿದ ಬಂಡೆಗಳು ಸಂಜೆಯವರೆಗೂ ಬೆಚ್ಚಗೆ ಉಸಿರಾಡುತ್ತಿದ್ದವು. ಮಾಳಿಗೆ ಹತ್ತಿದರೆ ದೂರದಲ್ಲಿ ಕುಡತಿನಿಯ ಚಿಮಣಿಗಳ ಹೊಗೆ ಮೋಡಕ್ಕೆ ಸೇರುವುದು ಕಾಣುತ್ತಿತ್ತು. ಆ ಶನಿವಾರ ಚಿಕ್ಕತ್ತೆ ಮಾಳಿಗೆ ಹತ್ತಗೊಡಲಿಲ್ಲ. ಮೆತ್ತನೆಯ ದಿಂಬು ತಂದು ಬೆನ್ನಿಗೆ ಕೊಟ್ಟರು. ಕೇಸರಿ ಹಾಕಿದ ಹಾಲನ್ನು ಕೈಗಿತ್ತು ನನ್ನನ್ನೇ ನೋಡುತ್ತ ಕೂತರು.

"ನಮಗ್ಯಾಕ ಹೇಳಲಿಲ್ಲ ಅಂತ ಸಿಟ್ಟಿಲ್ಲವ್ವ. ಕುಬಸ ಆಗೋಗಂಟ ಬಾಯಿ ಬಿಡಬಾರದು, ಖರೇ. ಆದ್ರ ನಾವು ಹೊರಗಿನೋರೇನು?"

ಕುಬಸವೆಂದರೆ ಸೀಮಂತ, ಅಷ್ಟು ಬಿಟ್ಟು ನನಗೆ ಏನೂ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಮನೆಯ ಪಾತ್ರೆ ತಿಕ್ಕುವವಳ ತವರು ನನ್ನ ಹಳ್ಳಿ, ಅವಳ ಅಕ್ಕ ಈರಮ್ಮನ ಗುಂಪಿನವಳು. "ನಿನ್ನ ಬದುವಿನ ಕಡೆಗೆ ನಿಂದರಸ್ಯಾರಂತ. ಅಷ್ಟು ಸಾಕು, ಇನ್ನೇನು ಡಂಗುರ ಹೊಡೀಬೇಕಾ?"

ಆಗ ಗೊತ್ತಾಯಿತು. ನಾಟಿಯ ಸಾಲಿನಲ್ಲಿ ಬದುವಿನ ಪಕ್ಕದ ಜಾಗ ಹೊಟ್ಟೆಯಲ್ಲಿ ಕೂಸಿರುವವಳದ್ದು. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅವಳು ಒಂದು ಬೆಳಿಗ್ಗೆ ಸುಮ್ಮನೆ ಹೋಗಿ ಅಲ್ಲಿ ನಿಲ್ಲುತ್ತಾಳೆ, ಅವಳ ಪಾಲಿನ ಕೆಲಸವನ್ನು ಪಕ್ಕದವರು ಹಂಚಿಕೊಳ್ಳುತ್ತಾರೆ, ಕೂಲಿ ಮಾತ್ರ ಎಲ್ಲರಿಗೂ ಸಮ. ನಾನು ಸೊಂಟ ನೋವಿಗೆ ಅಲ್ಲಿ ನಿಂತು ಇಡೀ ತಾಲ್ಲೂಕಿಗೆ ಸಿಹಿ ಸುದ್ದಿ ಕೊಟ್ಟಿದ್ದೆ.

ನಗು ಬರಬೇಕಿತ್ತು. ಬರಲಿಲ್ಲ. ಮದುವೆಯಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಆಡುತ್ತಿರಲಿಲ್ಲ, ಆಡದೆ ಇದ್ದದ್ದೇ ನನಗೆ ಜಾಸ್ತಿ ಕೇಳಿಸುತ್ತಿತ್ತು. "ಇಲ್ಲ ಚಿಕ್ಕತ್ತೆ, ಸೊಂಟ ನೋಯ್ತಿತ್ತು, ಅದಕ್ಕ ಅಲ್ಲಿ ನಿಂತೆ" ಎಂದೆ. ಅವರ ಮುಖ ಬಾಡಿತು. ನಾನು ಹಾಲಿನ ಲೋಟ ಕೆಳಗಿಟ್ಟೆ. ಅವರು ಅದನ್ನು ಮತ್ತೆ ನನ್ನ ಕೈಗೆ ಕೊಟ್ಟು, "ಕುಡಿ. ಹಾಲಿಗೇನು, ಎಲ್ಲಾರೂ ಕುಡೀತಾರ" ಎಂದರು. ಆ ಮಾತಿಗೆ ನಾನು ಅತ್ತುಬಿಟ್ಟೆ.

ಸೋಮವಾರ ಹಳ್ಳಿಗೆ ಮರಳುವಾಗ ಬಸ್ಸಿನಲ್ಲಿ ಕಣ್ಣ ಮುಂದೆ ಬಂದದ್ದು ಹುಲಿಗೆಮ್ಮ. ನಾನು ಹೋಗುವ ಮೊದಲೇ ಅವಳು ಬದುವಿನ ಬಳಿ ನಿಂತಿದ್ದಳಲ್ಲ. ಬಿಸಿಲಲ್ಲಿ ಒಮ್ಮೊಮ್ಮೆ ಕಣ್ಣು ಮುಚ್ಚಿ ಬದುವನ್ನು ಹಿಡಿದುಕೊಳ್ಳುತ್ತಿದ್ದಳು, ಅವಳ ರೆಪ್ಪೆಯ ಒಳಗು, ಉಗುರು ಎಲ್ಲ ಸುಣ್ಣದಷ್ಟು ಬೆಳ್ಳಗೆ. ಬಸುರಿಯರು ಯಾಕೆ ತಡವಾಗಿ ಹೆಸರು ಬರೆಸುತ್ತಾರೆ ಎಂದು ತಿಳಿಯಲು ನನ್ನನ್ನು ಕಳಿಸಿದ್ದರು. ಗುಂಪಿನವರಿಗೆ ಮೊದಲ ತಿಂಗಳಲ್ಲೇ ಗೊತ್ತಿತ್ತು. ಆಫೀಸಿನವರಿಗೆ ಮಾತ್ರ ಕುಬಸ ಆದಮೇಲೆ ಗೊತ್ತಾಗುತ್ತಿತ್ತು.

ಗದ್ದೆಗೆ ಇಳಿದ ಕೂಡಲೇ ನಾನು ಈರಮ್ಮನಿಗೆ ನಿಜ ಹೇಳಿದೆ. "ಸೊಂಟಾ?" ಎಂದಳು. "ಸೊಂಟ" ಎಂದೆ. ಅವಳು ನಕ್ಕದ್ದು ಸಾಲಿನುದ್ದಕ್ಕೂ ಹರಡಿ, ಇಬ್ಬರು ಕೆಸರಲ್ಲೇ ಕೂತುಬಿಟ್ಟರು. "ನಮ್ಮ ಮಾವಿನಕಾಯಿ ವಾಪಸ್ ಕೊಡ್ರಿ" ಎಂದಳು ಉಪ್ಪಿನಕಾಯಿಯವಳು. ನನಗೂ ನಗು ಬಂತು, ಮನಸ್ಸು ಹಗುರಾಯಿತು. ಹುಲಿಗೆಮ್ಮ ಮಾತ್ರ ನಗಲಿಲ್ಲ. ಬಗ್ಗಿ ಸಸಿ ಊರುತ್ತಲೇ ಇದ್ದಳು.

ಊಟದ ಹೊತ್ತಿಗೆ ಕಾಲುವೆಯ ದಂಡೆಯ ಜಾಲಿ ಗಿಡದ ಕೆಳಗೆ ಅವಳ ಪಕ್ಕ ಕೂತೆ. ನೀರು ಸದ್ದಿಲ್ಲದೆ ಹೋಗುತ್ತಿತ್ತು.

"ನನಗೊಬ್ಬರು ಜೊತಿ ಸಿಕ್ಕರು ಅನ್ಕಂಡಿದ್ದೆ ಅಕ್ಕಾರ" ಎಂದಳು ರೊಟ್ಟಿ ಮುರಿಯುತ್ತ. ಮುರಿದ ತುಂಡನ್ನು ಮತ್ತೆ ಗಂಟಿನಲ್ಲಿಟ್ಟು, "ನಂದು ನಿಮಗ ಗೊತ್ತಾಗೇ ಹೋಗೈತಿ. ಹಿಂದ ಎರಡು ಸಲ ಹೆಸರು ಬರೆಸಿದ್ವಿ. ಎರಡು ಸಲಾನೂ ಬರೆಸಿ ಬಂದ ಮ್ಯಾಲೆ ಹೋತು. ಈ ಸಲ ಕುಬಸ ಆಗೋಗಂಟ ಹೆಸರು ಬರೆಸಂಗಿಲ್ಲ ಅಂತ ಊರಮ್ಮಗ ಬೇಡ್ಕೊಂಡೀನಿ. ನೀವು ಮಾಬುಬಿ ಅಕ್ಕನ ಮುಂದ ಹೇಳ್ತೀರೇನು?"

"ಇಲ್ಲ."

"ಆಣಿ?"

"ಆಣೆ" ಎಂದೆ. ಇವಳಿಗೆ ರಕ್ತವಿಲ್ಲ, ಹೀಗೇ ಬಿಟ್ಟರೆ ಕೂಸೂ ಹೋಗಬಹುದು, ಇವಳೂ ಹೋಗಬಹುದು. ಹೇಳಿದರೆ ಅವಳ ನಂಬಿಕೆ ಹೋಗುತ್ತದೆ, ಅವಳು ಗದ್ದೆಗೂ ಬರುವುದಿಲ್ಲ, ಯಾರ ಕೈಗೂ ಸಿಗುವುದಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ಎರಡು ಮೂರು ದಿನ ಬಗೆಬಗೆಯಲ್ಲಿ ಹೇಳಿ ನೋಡಿದೆ. ಅವಳು ಕೇಳಿಸಿಕೊಂಡು, ನೀರಿನಲ್ಲಿ ಕಾಣುವ ತನ್ನ ಮುಖಕ್ಕೇ ತಲೆಯಾಡಿಸಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಮಾಬುಬಿಯ ಹತ್ತಿರ ಹೋಗಿ ಯಾರ ಹೆಸರನ್ನೂ ಎತ್ತದೆ, "ಬದುವಿನ ಸಾಲು ನಿಮಗೆ ಗೊತ್ತೇನು?" ಎಂದು ಕೇಳಿದೆ. ಅವರು ಕೋಳಿಗೆ ನುಚ್ಚು ಹಾಕುತ್ತಿದ್ದರು, ತಿರುಗಿ ನೋಡಲಿಲ್ಲ.

"ನಾನೂ ಈ ಊರ ಮಗಳೇ ಅಲ್ಲೇನ್ರಿ ಮೇಡಂ. ಗೊತ್ತಾದ್ರ ಬರೀಬೇಕು. ಬರೆದ್ರ ಅವರು ನನಗ ಬಾಗಿಲಾ ತೆಗಿಯಂಗಿಲ್ಲ. ಅದಕ್ಕ ನನಗ ಗೊತ್ತಿಲ್ಲ." ನುಚ್ಚಿನ ಬಟ್ಟಲು ಬೋರಲು ಹಾಕಿ, ದನಿ ತಗ್ಗಿಸಿ, "ಆ ಹುಡುಗಿ ಬಣ್ಣ ನೋಡಿ ನನಗೂ ನಿದ್ದಿ ಬರವಲ್ದು" ಎಂದರು.

ಮೋಡ ಕಟ್ಟಿ, ಮಳೆ ಬಾರದೆ, ಗಾಳಿ ನಿಂತುಹೋದ ಒಂದು ಮಧ್ಯಾಹ್ನ ಹುಲಿಗೆಮ್ಮ ಕೆಸರಿಗೆ ಕುಸಿದಳು. ಸದ್ದೇ ಆಗಲಿಲ್ಲ. ಸಸಿಯ ಕಟ್ಟು ಅವಳ ಕೈಬಿಟ್ಟು ನೀರಿನ ಮೇಲೆ ತೇಲಿತು. ಈರಮ್ಮ ಅವಳನ್ನು ಎತ್ತಿ ಬದುವಿನ ಮೇಲೆ ಮಲಗಿಸಿದಳು, ಯಾರೋ ಬೆಲ್ಲ ಬಾಯಿಗಿಟ್ಟರು. ಅವಳು ಕಣ್ಣು ಬಿಟ್ಟಾಗ ಸುತ್ತ ನಮ್ಮೆಲ್ಲರ ಕೆಸರು ಕಾಲುಗಳು, ಅವುಗಳಾಚೆ ಬಿಳಿ ಆಕಾಶ. ಈರಮ್ಮ ಬೈಯಲಿಲ್ಲ. ಅವಳ ಹಣೆ ಒರೆಸುತ್ತ ಕೇಳಿದಳು: "ನಿನ್ನ ಪಾಲಿನ ಸಸಿ ನಾವು ಹಚ್ತೀವಿ. ನಿನ್ನ ಪಾಲಿನ ರಕ್ತ ಯಾರು ಹಚ್ಚಬೇಕು?"

ಹುಲಿಗೆಮ್ಮ ಬಾಯಲ್ಲಿದ್ದ ಬೆಲ್ಲ ನುಂಗಿದಳು. ಆಮೇಲೆ ನನ್ನ ಕಡೆ ಹೊರಳಿ, "ಎಲ್ಲಾರೂ ರಕ್ತ ತಪಾಸಣಿಗೆ ಕೊಡ್ರಿ, ನಾನೂ ಕೊಡ್ತೀನಿ" ಎಂದಳು. "ಎಲ್ಲಾರ ರಕ್ತದಾಗ ನಂದೂ ಹೋಗ್ಲಿ. ಹೊರಗ ನಿಂತೋರಿಗೆ ಯಾರದು ಏನಂತ ತಿಳೀಬಾರದು."

ನಾವು ಯಾರೂ ಯೋಚಿಸಿರದ ದಾರಿ ಅದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಅಮಾಸೆಯ ದಿನ ಗದ್ದೆ ಕೆಲಸ ಇರುವುದಿಲ್ಲ. ಅವತ್ತು ಇಡೀ ನಾಟಿ ಗುಂಪು ತಲೆಗೆ ಹೂ ಮುಡಿದು ಅದೇ ಟ್ರ್ಯಾಲಿಯಲ್ಲಿ ಸಿರುಗುಪ್ಪದ ಆಸ್ಪತ್ರೆಗೆ ಹೊರಟಿತು. ಮಾಬುಬಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ ನಾಟಿ ಮುಗಿದ ಗದ್ದೆಗಳು ಎಳೆ ಹಸಿರಾಗಿ, ಮುಗಿಯದವು ಆಕಾಶದ ಬಣ್ಣದಲ್ಲಿ. ಯಾವುದೋ ಮದುವೆಗೆ ಹೊರಟ ಹಾಗಿತ್ತು, ಮದುಮಗಳು ಯಾರೆಂದು ಮಾತ್ರ ಹೊರಗಿನವರಿಗೆ ಗೊತ್ತಿರಲಿಲ್ಲ.

"ಏನ್ರಿ ಇದು ದಂಡು?" ಎಂದಳು ಆಸ್ಪತ್ರೆಯ ನರ್ಸು.

"ಸುಸ್ತು" ಎಂದಳು ಈರಮ್ಮ. "ಎಲ್ಲಾರಿಗೂ ಸುಸ್ತು. ಎಲ್ಲಾರಿಗೂ ನೋಡ್ರಿ."

ಒಬ್ಬೊಬ್ಬರೇ ತೋಳು ಚಾಚಿದರು. ಕೆಸರಿಗೆ ಹೆದರದವರು ಸೂಜಿಗೆ ಹೆದರಿ ಒಬ್ಬರ ಭುಜದಲ್ಲಿ ಒಬ್ಬರು ಮುಖ ಮುಚ್ಚಿಕೊಂಡರು. ನಾನೂ ಕೊಟ್ಟೆ. ಒಬ್ಬೊಬ್ಬರಾಗಿ ಡಾಕ್ಟರಮ್ಮನ ಕೋಣೆಗೆ ಹೋಗಿ ಬಂದರು. ಹುಲಿಗೆಮ್ಮ ಹೋದವಳು ಬೇಗ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ನಾವೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡುತ್ತ ಕೂತಿದ್ದೆವು. ಈರಮ್ಮ ಸೆರಗಿನ ತುದಿಯನ್ನು ಗಂಟು ಹಾಕಿ, ಬಿಚ್ಚಿ, ಮತ್ತೆ ಗಂಟು ಹಾಕುತ್ತಿದ್ದಳು. ನಾನು ಆ ದಿನ ಬೇಡಿಕೊಂಡ ಹಾಗೆ ನನ್ನ ಸಲುವಾಗಿ ಕೂಡ ಎಂದೂ ಬೇಡಿಕೊಂಡಿರಲಿಲ್ಲ.

ಬಾಗಿಲು ತೆರೆಯಿತು. ಅವಳು ಬಂದು ನನ್ನ ಪಕ್ಕ ಕೂತಳು. "ಕೂಸಿನ ಎದಿ ಬಡಿಯೋದು ಕೇಳಿಸಿದರು ಅಕ್ಕಾರ" ಎಂದಳು, ನನಗಷ್ಟೇ ಕೇಳುವಂತೆ.

ರಕ್ತ ತೀರಾ ಕಡಿಮೆ ಇತ್ತು. ಸೂಜಿಯ ಮೂಲಕ ಕಬ್ಬಿಣ ಕೊಡಬೇಕಿತ್ತು, ಕೆಲವು ಸಲ ಬರಬೇಕಿತ್ತು. ಡಾಕ್ಟರಮ್ಮ ತಿಳಿದವರು, ಚೀಟಿಯಲ್ಲಿ ರಕ್ತಹೀನತೆ ಎಂದಷ್ಟೇ ಬರೆದು, ಉಳಿದದ್ದನ್ನು ತಮ್ಮಲ್ಲೇ ಇಟ್ಟುಕೊಂಡರು. ಅವಳು ಹೋಗುವಾಗಲೆಲ್ಲ ಗುಂಪಿನ ಮೂವರೋ ನಾಲ್ವರೋ ಸುಸ್ತೆಂದು ಜೊತೆಗೆ ಹೋಗುತ್ತಿದ್ದರು. ನಿಜಕ್ಕೂ ಸುಸ್ತಿದ್ದವರು ಗುಂಪಿನಲ್ಲಿ ಬೇಕಾದಷ್ಟು ಜನ ಇದ್ದರು, ಅವತ್ತು ಹೊರಬಿದ್ದದ್ದು ಅದೇ. ನನ್ನ ರಕ್ತವೂ ಕಡಿಮೆ. "ಊರಿಗೆಲ್ಲಾ ಬುದ್ಧಿ ಹೇಳಾಕ ಬಂದಾಕಿ" ಎಂದು ಈರಮ್ಮ ನನ್ನ ಬೆನ್ನಿಗೆ ಗುದ್ದಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದಳು.

ಅಲ್ಲಿಂದ ಮುಂದೆ ಸಭೆ ಗದ್ದೆಗೆ ಬಂತು. ಊಟದ ಹೊತ್ತಿಗೆ ಮಾಬುಬಿ ಸ್ಕೂಟಿಯಲ್ಲಿ ಬದುವಿನವರೆಗೆ ಬರುತ್ತಿದ್ದರು. ರೊಟ್ಟಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಗುಳಿಗೆ ಬಾಯಿಗೆ ಹಾಕಿ, ಒಂದೇ ಕೊಡದ ನೀರು ಕುಡಿಯುತ್ತಿದ್ದರು. ಬಾಗಿಲ ಬಳಿ ಕೂರುವವರು ಯಾರೂ ಇರಲಿಲ್ಲ, ಅಲ್ಲಿ ಬಾಗಿಲೇ ಇರಲಿಲ್ಲ. ಹುಲಿಗೆಮ್ಮನ ಹೆಸರನ್ನು ಮಾಬುಬಿ ಬರೆದದ್ದು ಸುಗ್ಗಿಯ ಮುಂಚೆ, ಹಸಿರು ಬಳೆ ತೊಡಿಸಿ ಕುಬಸ ಮಾಡಿದ ದಿನ ಸಂಜೆಗೆ. ತಡವಾಯಿತೆಂದು ಮೇಲಿನವರಿಂದ ಬೈಸಿಕೊಂಡರು, ನಗುತ್ತಲೇ ಬೈಸಿಕೊಂಡರು.

ನಾನು ಬಳ್ಳಾರಿಗೆ ಬಂದು ವರದಿ ಬರೆದೆ. ಓಣಿಯ ಗುಂಪು ಬಿಡಿ, ನಾಟಿಯ ಗುಂಪು ಹಿಡಿಯಿರಿ, ಭವನ ಬಿಟ್ಟು ಗದ್ದೆಗೆ ಹೋಗಿ, ಯಾರು ಬಸುರಿಯೆಂದು ಗುಂಪಿಗೆ ಮೊದಲ ತಿಂಗಳಲ್ಲೇ ಗೊತ್ತಿರುತ್ತದೆ, ಬಸುರಿಯರನ್ನು ಬೇರೆ ಕರೆಯಬೇಡಿ, ಗುಳಿಗೆ ಎಲ್ಲರಿಗೂ ಕೊಡಿ ಎಂದು ಬರೆದೆ. ಡಾಕ್ಟರು ಎರಡು ಸಲ ಓದಿದರು. ಅವರ ಕಿಟಕಿಯಿಂದ ಬಳ್ಳಾರಿ ಗುಡ್ಡ ಕಾಣುತ್ತಿತ್ತು, ಅದರ ಮೇಲೆ ಆ ದಿನ ಮೋಡದ ನೆರಳು ನಿಧಾನ ಸರಿಯುತ್ತಿತ್ತು.

"ಎಲ್ಲಾ ಛಲೋ ಐತಿ. ಆದ್ರ ಅವರು ಮೊದಲನೇ ತಿಂಗಳದಾಗ ಹೆಂಗ ಗುರುತು ಹಿಡೀತಾರ? ನೀವು ಏನೋ ಕಂಡೀರಿ, ಬರದಿಲ್ಲ."

"ಕಂಡೀನಿ ಸರ್. ಬರಿಯಂಗಿಲ್ಲ."

"ಯಾಕ?"

"ಬರೆದರ ಮುಂದಿನ ವರ್ಷ ಯಾರೋ ಒಬ್ಬರು ಮೊಬೈಲು ಹಿಡ್ಕೊಂಡು ಅದನ್ನ ನೋಡಾಕ ಹೋಗ್ತಾರ. ಅಲ್ಲಿ ಯಾರೂ ಇರಂಗಿಲ್ಲ. ಗುರುತೂ ಹೋಗ್ತೈತಿ, ಅವರಿಗೆ ಇದ್ದ ಒಂದು ಆಸರಾನೂ ಹೋಗ್ತೈತಿ."

"ಹಂಗಾದ್ರ ಕಂಡು ಏನು ಬಂತು?" ಎಂದರು. ಗುಳಿಗೆ ಎಲ್ಲರಿಗೂ ಎಂದು ಬರೆದ ಸಾಲಿನ ಮೇಲೆ ನಾನು ಬೆರಳಿಟ್ಟು ತೋರಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಸಹಿ ಹಾಕಿದರು. ಆ ಊರಿನಲ್ಲಿ ಕಾರ್ಯಕ್ರಮ ಉಳಿಯಿತು, ನನ್ನ ವರದಿಯಿಂದಲೋ ಬೇರೆ ಯಾವುದರಿಂದಲೋ ನನಗೆ ಗೊತ್ತಿಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ ಮಾಬುಬಿ ಫೋನು ಮಾಡಿ, "ಹೆಣ್ಣು ಕೂಸು ಮೇಡಂ. ಇಬ್ಬರೂ ಆರಾಮ" ಎಂದರು.

"ಸಿರುಗುಪ್ಪ ಬಂತು, ಇಳೀರಿ" ಎಂದು ಕಂಡಕ್ಟರ್ ಕೂಗಿದಾಗ ಕಣ್ಣು ಬಿಟ್ಟೆ. ಸಸಿಯ ಚೀಲದವಳು ಇಳಿದು ಹೋಗಿದ್ದಳು. ನನ್ನ ಕಾಲ ಬಳಿ ಒಂದಿಷ್ಟು ಕೆಸರು ನೀರು ಉಳಿದಿತ್ತು.

ಆಫೀಸಿನ ಕೆಲಸ ಸಿರುಗುಪ್ಪದಲ್ಲೇ ಇತ್ತು, ಮಧ್ಯಾಹ್ನದೊಳಗೆ ಮುಗಿಯಿತು. ಆಟೋ ಹಿಡಿದು ಹಳ್ಳಿಗೆ ಹೋದೆ. ಒಂದೆರಡು ಕಡೆ ನಾಟಿ ಯಂತ್ರ ಓಡಾಡುತ್ತಿತ್ತು. ಅದರಾಚೆ ಹಳೆಯ ಗದ್ದೆಗಳಲ್ಲಿ ಹೆಂಗಸರ ಸಾಲು, ನೀರಿನಲ್ಲಿ ಅವರ ತಲೆಕೆಳಗಾದ ಸಾಲು. ಈರಮ್ಮನಿಗೆ ಮೊಣಕಾಲು ಸರಿಯಿಲ್ಲ, ಮನೆಯಲ್ಲಿದ್ದಾಳೆ. ಮೇಸ್ತ್ರಿ ಈಗ ಹುಲಿಗೆಮ್ಮ. ಮೈ ತುಂಬಿಕೊಂಡಿದ್ದಳು, ದನಿಯೂ ಗಟ್ಟಿಯಾಗಿತ್ತು. ಮಗಳು ಶಾಲೆಗೆ ಹೋಗಿದ್ದಾಳೆಂದು, ಬಲು ತಂಟಿ ಎಂದು ಹೇಳಿದಳು. ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತ ನಾನು ಕೇಳಿದೆ, ಆ ಮಳೆಗಾಲದ್ದನ್ನು ಬರೆಯಬೇಕು ಅನ್ನಿಸುತ್ತಿದೆ, ಊರಿನ ಹೆಸರು ಹೇಳುವುದಿಲ್ಲ, ನಿನ್ನ ಹೆಸರು ಬದಲಿಸುತ್ತೇನೆ, ಬರೆಯಲೇ ಎಂದು.

"ಬರ್ಕೋರಿ ಅಕ್ಕಾರ" ಎಂದು ನಕ್ಕಳು. "ಊರ ಹೆಸರು ಇಲ್ಲಂದ್ರ ಯಾವ ಗದ್ದಿ ಅಂತ ಹುಡುಕ್ತಾರ? ಓದಿದೋರು ಕೆಸರಿಗೆ ಇಳಿಯಂಗಿಲ್ಲ ಬಿಡ್ರಿ."

ಊಟ ಮುಗಿಸಿ ಹೆಂಗಸರು ಎದ್ದರು. ನಾನು ಚಪ್ಪಲಿ ಬಿಟ್ಟು, ಬಟ್ಟೆ ಮೇಲಕ್ಕೆ ಸಿಕ್ಕಿಸಿ ನೀರಿಗೆ ಕಾಲಿಟ್ಟೆ. ತಂಪು ಮೊಣಕಾಲಿನವರೆಗೆ ಏರಿತು. ಸಾಲಿನ ನಡುವೆ ಜಾಗವಿತ್ತು, ಎಲ್ಲರೂ ಸರಿದು ಕರೆದರು. ನಾನು ಅಲ್ಲಿಗೆ ಹೋಗದೆ, ನಿಧಾನ ನಡೆದು ತುದಿಗೆ ಹೋಗಿ ಬದುವಿನ ಪಕ್ಕ ನಿಂತೆ. ಬಳ್ಳಾರಿಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ, ಕುರುಗೋಡಿನ ಚಿಕ್ಕತ್ತೆಗೂ.

ಹಾಡು ಒಂದು ಗಳಿಗೆ ನಿಂತಿತು. ಹುಲಿಗೆಮ್ಮ ತಲೆಯೆತ್ತಿ ನನ್ನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಸಾಲಿನ ಆ ತುದಿಯಿಂದ ನೀರು ಕಲಕುತ್ತ ನಡೆದು ಬಂದು ನನ್ನ ಪಕ್ಕ ನಿಂತಳು, ನನ್ನ ಕೈಯಲ್ಲಿದ್ದ ಸಸಿಯ ಕಟ್ಟಿನಿಂದ ಅರ್ಧ ತೆಗೆದುಕೊಂಡು ನನ್ನ ಪಾಲಿನಲ್ಲಿ ಊರತೊಡಗಿದಳು. ಯಾರೂ ಏನೂ ಕೇಳಲಿಲ್ಲ. ಈ ಸಲ ನಾನೂ ಸೊಂಟ ನೋವೆಂದು ಹೇಳಲಿಲ್ಲ.